ತಣ್ಣಗಾದ ನೋಡ್‌ಗೆ ವಾಪಸ್: ಗಿಟ್‌ಹಬ್ ಡೇಟಾಬೇಸ್ ಕ್ಲಸ್ಟರ್, ಸೆಪ್ಟೆಂಬರ್ 2012

2012ರ ಸೆಪ್ಟೆಂಬರ್ 10, ಸೋಮವಾರ. ಪ್ರೋಗ್ರಾಮ್ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಮುಖ್ಯ ಡೇಟಾಬೇಸ್ ಮೇಲೆ ಒಂದು ಮಾಮೂಲಿ ಸ್ಕೀಮಾ ಬದಲಾವಣೆ, ಅಂದರೆ ಕೋಷ್ಟಕಗಳ ರಚನೆಯ ಬದಲಾವಣೆ, ನಡೆಯಿತು. ಅದರ ಭಾರಕ್ಕೆ ಡೇಟಾಬೇಸ್‌ನ ಮಾಸ್ಟರ್ ಪಾತ್ರ, ಅಂದರೆ ಬರಹಗಳನ್ನು ಸ್ವೀಕರಿಸುವ ಹೊಣೆ, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಜಿಗಿದು, ಅಲ್ಲಿ ನಿಲ್ಲಲಾರದೆ ಮತ್ತೆ ಮೊದಲಿನದಕ್ಕೇ ಬಂತು. ಮರುದಿನ ಬೆಳಿಗ್ಗೆ ಕ್ಲಸ್ಟರೇ, ಅಂದರೆ ಒಂದಾಗಿ ಕೆಲಸ ಮಾಡುವ ಆ ಸರ್ವರ್‌ಗಳ ಗುಂಪೇ, ಎರಡು ಹೋಳಾಯಿತು. ಎರಡು ದಿನ ಸೇರಿ ಸೈಟ್ 1 ಗಂಟೆ 46 ನಿಮಿಷ ಪೂರ್ತಿ ಬಂದ್ ಆಗಿತ್ತು, ಇನ್ನೊಂದು ಗಂಟೆ ಕುಂಟುತ್ತ ನಡೆಯಿತು. ಅದೇ ವಾರ ಕಂಪನಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿತು. ಈ ಅಧ್ಯಯನಕ್ಕೆ ಆಧಾರ ಆ ವರದಿಯೇ.

ಈ ಘಟನೆಯನ್ನು ಸಾಮಾನ್ಯವಾಗಿ ತನ್ನಿಂತಾನೇ ಆಗುವ ಫೇಲೋವರ್‌ನ (ಕೆಟ್ಟ ಸರ್ವರ್‌ನ ಕೆಲಸ ಇನ್ನೊಂದಕ್ಕೆ ಹೋಗುವುದು) ಅಪಾಯಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ನನಗೆ ಇದು ಅದಕ್ಕಿಂತ ಹೆಚ್ಚಾಗಿ ಫೇಲ್‌ಬ್ಯಾಕ್‌ನ, ಅಂದರೆ ಆ ಕೆಲಸ ಹಿಂದಿರುಗುವುದರ, ಕಥೆಯಾಗಿ ಕಾಣುತ್ತದೆ. ಸೋಮವಾರ ಹಿಂದಿರುಗಿದ್ದು ಡೇಟಾಬೇಸ್ ಪಾತ್ರ, ಮಂಗಳವಾರ ಹಿಂದಿರುಗಿದ್ದು ಅಧಿಕಾರ, ಅಂದರೆ ಮನುಷ್ಯರು ಕೈಗೆ ತೆಗೆದುಕೊಂಡಿದ್ದ ನಿಯಂತ್ರಣ ಮತ್ತೆ ಕ್ಲಸ್ಟರ್ ತಂತ್ರಾಂಶದ ಕೈಗೆ ಹೋಯಿತು. ಪಡೆಯುವವರು ಪಡೆಯಲು ಸಿದ್ಧರಿದ್ದಾರೆಯೇ ಎಂಬ ಪರೀಕ್ಷೆ ಎರಡು ಸಲವೂ ವ್ಯವಸ್ಥೆಯಲ್ಲಿ ಇರಲಿಲ್ಲ.

ಮೊದಲು ಕಟ್ಟಡದ ನಕ್ಷೆ. ಆ ವರ್ಷದ ಆಗಸ್ಟ್ ಮಧ್ಯದಲ್ಲಿ ಗಿಟ್‌ಹಬ್ ತನ್ನ ಹಳೆಯ ಜೋಡಿ ಮೈಎಸ್‌ಕ್ಯುಎಲ್ (ಡೇಟಾಬೇಸ್ ತಂತ್ರಾಂಶ) ಸರ್ವರ್‌ಗಳನ್ನು ತೆಗೆದು 3 ನೋಡ್‌ಗಳ (ಸರ್ವರ್‌ಗಳ) ಹೊಸ ಕ್ಲಸ್ಟರ್ ಹಾಕಿತ್ತು. ಹಳೆಯದು ಒಂದು ಯಂತ್ರದ ಡಿಸ್ಕ್ ಅನ್ನು ಇನ್ನೊಂದಕ್ಕೆ ನಕಲಿಸುವ ಡಿಆರ್‌ಬಿಡಿ ಮೇಲೆ ನಿಂತಿತ್ತು. ಅದರಲ್ಲಿ ಫೇಲೋವರ್ ಆದರೆ ಎರಡನೇ ಯಂತ್ರದಲ್ಲಿ ಮೈಎಸ್‌ಕ್ಯುಎಲ್ ಅನ್ನು ಸೊನ್ನೆಯಿಂದ ಶುರು ಮಾಡಬೇಕಿತ್ತು. ಹೊಸದರಲ್ಲಿ ಮೂರೂ ನೋಡ್‌ಗಳಲ್ಲಿ ಮೈಎಸ್‌ಕ್ಯುಎಲ್ ಸದಾ ಓಡುತ್ತಿರುತ್ತದೆ. ಫೇಲೋವರ್ ಎಂದರೆ ವರ್ಚುವಲ್ ಐಪಿಯನ್ನು (ಯಾವ ನೋಡ್‌ಗಾದರೂ ಸರಿಸಬಹುದಾದ ನೆಟ್‌ವರ್ಕ್ ವಿಳಾಸ) ಒಂದು ನೋಡ್‌ನಿಂದ ಇನ್ನೊಂದಕ್ಕೆ ಸರಿಸಿ, ಓದಲು ಮಾತ್ರ ಎಂಬ ಸ್ವಿಚ್ಚನ್ನು ಅದಲುಬದಲು ಮಾಡುವುದು, ಅಷ್ಟೇ. ವರ್ಚುವಲ್ ಐಪಿಗಳು ಎರಡು: ಓದಿ ಬರೆಯಲು ಒಂದು, ಬರೀ ಓದಲು ಇನ್ನೊಂದು. ಇವನ್ನು ನೋಡಿಕೊಳ್ಳುತ್ತಿದ್ದದ್ದು ಪೇಸ್‌ಮೇಕರ್ ಮತ್ತು ಹಾರ್ಟ್‌ಬೀಟ್ ಎಂಬ ಕ್ಲಸ್ಟರ್ ತಂತ್ರಾಂಶಗಳು. ‘ಆಕ್ಟಿವ್’ (ಮಾಸ್ಟರ್) ಯಾರು, ‘ಸ್ಟ್ಯಾಂಡ್‌ಬೈ’ (ಓದಲು ಮಾತ್ರ ಇರುವ ನಕಲು) ಯಾರು, ಯಾರು ಯಾರಿಂದ ರೆಪ್ಲಿಕೇಟ್ ಮಾಡಬೇಕು, ಅಂದರೆ ಡೇಟಾ ನಕಲಿಸಿಕೊಳ್ಳಬೇಕು, ಎಂಬುದನ್ನು ಪರ್ಕೋನಾ ರೆಪ್ಲಿಕೇಶನ್ ಮ್ಯಾನೇಜರ್ ಎಂಬ ರಿಸೋರ್ಸ್ ಏಜೆಂಟ್ (ಪೇಸ್‌ಮೇಕರ್ ಪರವಾಗಿ ಸೇವೆಯನ್ನು ನಡೆಸಿ ತಪಾಸಿಸುವ ಸ್ಕ್ರಿಪ್ಟ್) ನಿಭಾಯಿಸುತ್ತಿತ್ತು. ಕಾಗದದ ಮೇಲೆ ಇದು ಹಳೆಯದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು.

ಸೋಮವಾರದ ಸ್ಕೀಮಾ ಬದಲಾವಣೆ ಡೇಟಾಬೇಸ್ ಮೇಲೆ ಹಾಕಿದ ಹೊರೆ ತಂಡ ಅದುವರೆಗೆ ಕಂಡದ್ದಕ್ಕಿಂತ ಹೆಚ್ಚಿತ್ತು. ಮಾಸ್ಟರ್ ಸತ್ತಿರಲಿಲ್ಲ, ಉತ್ತರ ಕೊಡಲು ತಡ ಮಾಡುತ್ತಿತ್ತು. ಆರೋಗ್ಯ ತಪಾಸಣೆಗೆ ಆ ವ್ಯತ್ಯಾಸ ಗೊತ್ತಾಗಲಿಲ್ಲ. ಹೊತ್ತು ಮೀರಿದರೆ ಫೇಲ್ ಎಂದೇ ಅದರ ಲೆಕ್ಕ. ಏಜೆಂಟ್ ಆಕ್ಟಿವ್ ಪಾತ್ರವನ್ನು ಇನ್ನೊಂದು ನೋಡ್‌ಗೆ ಕೊಟ್ಟು, ಕೆಟ್ಟಿದೆ ಎಂದುಕೊಂಡ ನೋಡ್‌ನಲ್ಲಿ ಮೈಎಸ್‌ಕ್ಯುಎಲ್ ಅನ್ನೇ ನಿಲ್ಲಿಸಿತು.

ಹೊಸ ಮಾಸ್ಟರ್‌ನ ಇನ್ನೋಡಿಬಿ (ಮೈಎಸ್‌ಕ್ಯುಎಲ್‌ನ ಸಂಗ್ರಹ ಎಂಜಿನ್) ಬಫರ್ ಪೂಲ್ ತಣ್ಣಗಿತ್ತು. ಬಫರ್ ಪೂಲ್ ಎಂದರೆ ಪದೇಪದೇ ಬೇಕಾಗುವ ಪುಟಗಳನ್ನು ಡಿಸ್ಕ್‌ನಿಂದ ತಂದು ಇಟ್ಟುಕೊಳ್ಳುವ ಮೆಮೊರಿ. ಗಿಟ್‌ಹಬ್‌ನ ಅಪ್ಲಿಕೇಶನ್ ಓದುವುದಕ್ಕೂ ಬರೆಯುವುದಕ್ಕೂ ಹೆಚ್ಚಾಗಿ ಆಕ್ಟಿವ್ ನೋಡ್ ಅನ್ನೇ ಬಳಸುತ್ತಿತ್ತು. ಆದ್ದರಿಂದ ಸುಮ್ಮನೆ ರೆಪ್ಲಿಕೇಟ್ ಮಾಡುತ್ತಾ ಕೂತಿದ್ದ ನೋಡ್‌ನ ಮೆಮೊರಿಯಲ್ಲಿ ಸೈಟ್‌ಗೆ ಬೇಕಾದ ಪುಟಗಳು ಇರಲಿಲ್ಲ. ಕಾಯದ ಕಾವಲಿಯ ಮೇಲೆ ಹೋಟೆಲಿನ ಬೆಳಗಿನ ಗಿರಾಕಿಗಳಿಗೆಲ್ಲ ಒಟ್ಟಿಗೆ ದೋಸೆ ಹುಯ್ದಂತಾಯಿತು. ಪ್ರತಿ ಕ್ವೆರಿಯೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಡಿಸ್ಕ್‌ಗೆ ಓಡಿತು, ಲೋಡ್ ಏರಿತು, ಇಲ್ಲೂ ತಪಾಸಣೆ ಫೇಲ್. ಪಾತ್ರ ಮತ್ತೆ ಮೂಲ ನೋಡ್‌ಗೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪೇಸ್‌ಮೇಕರ್ ಬಲ್ಲವರು ತಕ್ಷಣ ಕೇಳುವ ಪ್ರಶ್ನೆ: ‘ಸ್ಟಿಕಿನೆಸ್ ಹಾಕಿರಲಿಲ್ಲವೇ?’

ಪೇಸ್‌ಮೇಕರ್ ಪ್ರತಿ ರಿಸೋರ್ಸ್‌ಗೆ (ತಾನು ನಡೆಸುವ ಸೇವೆ ಅಥವಾ ಐಪಿ) ಪ್ರತಿ ನೋಡ್ ಮೇಲೆ ಒಂದು ಅಂಕ ಲೆಕ್ಕ ಹಾಕಿ, ಹೆಚ್ಚು ಅಂಕದ ನೋಡ್‌ನಲ್ಲಿ ಅದನ್ನು ಇಡುತ್ತದೆ. ಇಂಥ ನೋಡ್ ಇಷ್ಟ ಎಂದು ನಾವು ಲೊಕೇಶನ್ ಕನ್‌ಸ್ಟ್ರೇಂಟ್ ಎಂಬ ನಿಯಮದ ಮೂಲಕ ಅಂಕ ಕೊಡಬಹುದು. ಈಗ ಓಡುತ್ತಿರುವಲ್ಲೇ ಇರಲಿ ಎಂಬುದಕ್ಕೆ ಕೊಡುವ ಅಂಕವೇ ರಿಸೋರ್ಸ್-ಸ್ಟಿಕಿನೆಸ್. ಸಾಮಾನ್ಯ ರಿಸೋರ್ಸ್‌ಗಳಿಗೆ ಇದರ ಮೂಲ ಬೆಲೆ 0. ಅಂದರೆ ಮೂಲ ನೋಡ್‌ಗೆ 50 ಅಂಕದ ಇಷ್ಟ ಬರೆದು ಸ್ಟಿಕಿನೆಸ್ ಮುಟ್ಟದೆ ಬಿಟ್ಟರೆ, ಬಿದ್ದ ನೋಡ್ ಎದ್ದು ಕ್ಲಸ್ಟರ್ ಸೇರಿದ ಗಳಿಗೆಯಲ್ಲೇ ರಿಸೋರ್ಸ್ ಅಲ್ಲಿಗೆ ಓಡುತ್ತದೆ. ಹಾಡಹಗಲಾದರೂ ಸರಿ, ತಿಂಗಳ ಕೊನೆಯ ಲೆಕ್ಕ ನಡೆಯುತ್ತಿದ್ದರೂ ಸರಿ. ಸ್ಟಿಕಿನೆಸ್ 100 ಎಂದಿಟ್ಟರೆ 50ನ್ನು ಮೀರಿಸಿ ಅಲ್ಲೇ ಉಳಿಯುತ್ತದೆ. ಒಟ್ಟಿಗೇ ಇರಬೇಕಾದ ರಿಸೋರ್ಸ್‌ಗಳ ಗುಂಪಿನ ಲೆಕ್ಕದಲ್ಲಿ ಹೊಸಬರು ಎಡವುವುದುಂಟು. ಗುಂಪಿನಲ್ಲಿ ಓಡುತ್ತಿರುವ ಪ್ರತಿ ರಿಸೋರ್ಸ್‌ನ ಸ್ಟಿಕಿನೆಸ್ ಕೂಡಿಕೊಳ್ಳುತ್ತದೆ. ತಲಾ 100ರಂತೆ 5 ಇದ್ದರೆ ಗುಂಪಿಗೆ 500. ಹಾಗಾಗಿ 200 ಅಂಕದ ಇಷ್ಟ ಒಂಟಿ ರಿಸೋರ್ಸ್ ಅನ್ನು ಎಳೆದೊಯ್ಯುತ್ತದೆ, ಗುಂಪನ್ನು ಕದಲಿಸಲಾರದು. ಒಂದೇ ಕ್ಲಸ್ಟರ್‌ನಲ್ಲಿ ಒಂದು ವಾಪಸ್ ಹೋಗಿ ಇನ್ನೊಂದು ಹೋಗದೆ ಕುಳಿತರೆ ಕಾರಣ ಬಹುಪಾಲು ಇದೇ.

ಈಗ ಸೋಮವಾರಕ್ಕೆ ಬರೋಣ. ಅಲ್ಲಿ ಸ್ಟಿಕಿನೆಸ್ ಎಷ್ಟೇ ಇದ್ದರೂ ಉಪಯೋಗವಿರಲಿಲ್ಲ. ಸ್ಟಿಕಿನೆಸ್ ಹಿಡಿದಿಡುವುದು ಆರೋಗ್ಯವಾಗಿರುವ ನೋಡ್‌ನಲ್ಲಿ. ತಪಾಸಣೆ ಸೋತು ಮಿತಿ ದಾಟಿದ ನೋಡ್‌ಗೆ ಆ ರಿಸೋರ್ಸ್ ಮಟ್ಟಿಗೆ ಪೇಸ್‌ಮೇಕರ್ ಮೈನಸ್ ಇನ್‌ಫಿನಿಟಿ ಅಂಕ ಹಾಕುತ್ತದೆ. ಅದರ ಗಣಿತದಲ್ಲಿ ಇನ್‌ಫಿನಿಟಿ ಎಂದರೆ 10,00,000, ಮತ್ತು ಮೈನಸ್ ಇನ್‌ಫಿನಿಟಿಗೆ ಏನೇ ಕೂಡಿಸಿದರೂ ಮೈನಸ್ ಇನ್‌ಫಿನಿಟಿಯೇ ಉಳಿಯುತ್ತದೆ. ಸ್ಟಿಕಿನೆಸ್ ಅನ್ನೂ ಇನ್‌ಫಿನಿಟಿ ಮಾಡಿಟ್ಟಿದ್ದರೂ ಅಷ್ಟೇ. ಸೋಮವಾರದ ಮರಳುವಿಕೆ ನಾವು ಕಡತದಲ್ಲಿ ಬರೆದಿಡುವ ಫೇಲ್‌ಬ್ಯಾಕ್ ಅಲ್ಲ. ಅದು ಎರಡನೆಯ ಫೇಲೋವರ್, ದಿಕ್ಕು ಮಾತ್ರ ಹಿಂದಕ್ಕೆ. ಅದನ್ನು ತಡೆಯುವ ಕೀಲಿ ತಪಾಸಣೆಯ ಟೈಮ್‌ಔಟ್‌ನಲ್ಲಿ, ಎಷ್ಟು ಸೋಲಿಗೆ ಜಾಗ ಬದಲಿಸಬೇಕು ಎನ್ನುವ ಮೈಗ್ರೇಶನ್-ಥ್ರೆಶೋಲ್ಡ್‌ನಲ್ಲಿ, ತಪಾಸಣೆ ಸೋತಾಗ ಏನು ಮಾಡಬೇಕು ಎನ್ನುವ ಆನ್-ಫೇಲ್‌ನಲ್ಲಿ ಇದೆ.

ಇನ್ನೊಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇದೇ. ಮೊದಲ ಜಿಗಿತದಲ್ಲಿ ಮೂಲ ನೋಡ್‌ನ ಮೈಎಸ್‌ಕ್ಯುಎಲ್ ಅನ್ನು ನಿಲ್ಲಿಸಲಾಗಿತ್ತು. ಪ್ರಕ್ರಿಯೆ ನಿಂತರೆ ಅದರ ಬಫರ್ ಪೂಲ್ ಹೋಯಿತು. ಮುಚ್ಚುವಾಗ ಬಫರ್ ಪೂಲ್‌ನ ಪುಟಗಳ ಪಟ್ಟಿ ಬರೆದಿಟ್ಟು ಶುರುವಾದಾಗ ಮತ್ತೆ ತುಂಬಿಸುವ ಸೌಲಭ್ಯ ಮೂಲ ಮೈಎಸ್‌ಕ್ಯುಎಲ್‌ಗೆ ಬಂದದ್ದು 5.6ರಲ್ಲಿ, ಅದು ಬಳಕೆಗೆ ಸಿದ್ಧವೆಂದು ಬಿಡುಗಡೆಯಾದದ್ದು 2013ರ ಫೆಬ್ರವರಿಯಲ್ಲಿ. ಹೀಗಾಗಿ ಪಾತ್ರ ಮರಳಿದ್ದು ತಾನು ಬಿಟ್ಟುಬಂದಿದ್ದ ಬೆಚ್ಚಗಿನ ನೋಡ್‌ಗೆ ಅಲ್ಲ. ಹೆಸರು ಅದೇ, ಯಂತ್ರ ಅದೇ, ಒಳಗೆ ಖಾಲಿ. ಬಫರ್ ಪೂಲ್ ನಿಧಾನವಾಗಿ ತುಂಬಿಕೊಂಡಂತೆ ಸೈಟ್‌ನ ವೇಗವೂ ನಿಧಾನವಾಗಿ ಮರಳಿತು ಎಂದು ವರದಿಯೇ ಹೇಳುತ್ತದೆ. ಫೇಲ್‌ಬ್ಯಾಕ್ ಮಾಡುವಾಗ ನಮ್ಮ ತಲೆಯಲ್ಲಿ ‘ಮೊದಲಿದ್ದ ಸ್ಥಿತಿಗೆ ವಾಪಸ್’ ಎಂಬ ಚಿತ್ರ ಇರುತ್ತದೆ. ಕ್ಲಸ್ಟರ್‌ಗೆ ಗೊತ್ತಿರುವುದು ನೋಡ್‌ನ ಹೆಸರು ಮಾತ್ರ, ಸ್ಥಿತಿ ಅಲ್ಲ.

ಎರಡು ಕಡೆ ಚೆಂಡಾಟ ನಡೆದ ಮೇಲೆ ತಂಡ ಪೇಸ್‌ಮೇಕರ್ ಅನ್ನು ಮೇಂಟೆನೆನ್ಸ್-ಮೋಡ್‌ಗೆ ಹಾಕಿತು. ಈ ಸ್ಥಿತಿಯಲ್ಲಿ ತಪಾಸಣೆಯೂ ಇಲ್ಲ, ಫೇಲೋವರೂ ಇಲ್ಲ. ಆ ಗಳಿಗೆಗೆ ಸರಿಯಾದ ಹೆಜ್ಜೆ ಎಂದೇ ನನಗನಿಸುತ್ತದೆ. ಬೆಂಕಿ ಆರಿತು. ಆದರೆ ಮೇಂಟೆನೆನ್ಸ್-ಮೋಡ್ ಅರ್ಧ ಮುಗಿದ ಕೆಲಸಗಳನ್ನೂ ಇದ್ದಲ್ಲೇ ನಿಲ್ಲಿಸಿಬಿಡುತ್ತದೆ. ಪಾತ್ರ ಬದಲಾದಾಗ ಸ್ಟ್ಯಾಂಡ್‌ಬೈ ನೋಡ್ ತನ್ನ ರೆಪ್ಲಿಕೇಶನ್ ಅನ್ನು ಹೊಸ ಮಾಸ್ಟರ್ ಕಡೆಗೆ ತಿರುಗಿಸಿಕೊಳ್ಳಬೇಕಿತ್ತು. ಆ ಕೆಲಸ ಆಗುವ ಮೊದಲೇ ಪೇಸ್‌ಮೇಕರ್ ಕೈಕಟ್ಟಿ ಕೂತಿತ್ತು. ರಾತ್ರಿಯಿಡೀ ಆ ನೋಡ್ ಹಳೆಯ ಡೇಟಾವನ್ನೇ ಹಿಡಿದು, ಕೇಳಿದವರಿಗೆಲ್ಲ ಅದನ್ನೇ ಕೊಡುತ್ತಿತ್ತು. ತಪಾಸಣೆಯೇ ನಿಂತಿದ್ದರಿಂದ ಕ್ಲಸ್ಟರ್ ಕಡೆಯಿಂದ ಅಲಾರಂ ಬರುವ ದಾರಿ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಕ್ವೆರಿಗೆ ತಪ್ಪು ಉತ್ತರ ಬರುತ್ತಿದೆ ಎಂದು ಒಬ್ಬ ಡೆವಲಪರ್ ಹೇಳಿದಾಗಲೇ ವಿಷಯ ಬೆಳಕಿಗೆ ಬಂದದ್ದು.

ಸರಿಪಡಿಸುವ ದಾರಿಯಾಗಿ ತಂಡ ಆರಿಸಿಕೊಂಡದ್ದು ಮೇಂಟೆನೆನ್ಸ್-ಮೋಡ್ ತೆಗೆದು, ಉಳಿದದ್ದನ್ನು ಪೇಸ್‌ಮೇಕರ್ ಮತ್ತು ಏಜೆಂಟ್ ಮಾಡಿಕೊಳ್ಳಲಿ ಎಂದು ಬಿಡುವುದನ್ನು. ತೆಗೆಯಹೋದಾಗ ಪೇಸ್‌ಮೇಕರ್‌ನಲ್ಲಿ ಸೆಗ್‌ಫಾಲ್ಟ್ ಆಯಿತು, ಅಂದರೆ ಮೆಮೊರಿ ದೋಷದಿಂದ ತಂತ್ರಾಂಶ ಕುಸಿಯಿತು. ಕ್ಲಸ್ಟರ್‌ನ ಸ್ಥಿತಿ ಎರಡಾಯಿತು. ಒಂದು ಕಡೆ ಎರಡು ನೋಡ್, ಇನ್ನೊಂದು ಕಡೆ ಒಂದೇ. ಒಬ್ಬರ ಸಂದೇಶವನ್ನು ಇನ್ನೊಬ್ಬರು ಬಹುಪಾಲು ತಿರಸ್ಕರಿಸುತ್ತಿದ್ದರು. ಬಹುಮತ ಇದ್ದರೆ ಮಾತ್ರ ನಿರ್ಧಾರ ಎಂದು ಸಂರಚನೆಯಲ್ಲಿ ಬರೆದಿದ್ದರೂ ಏಕಕಾಲಕ್ಕೆ ಎರಡು ಕಡೆ ಮಾಸ್ಟರ್ ಆಯ್ಕೆ ಶುರುವಾಯಿತು. ಇಬ್ಬರಿದ್ದ ಕಡೆ ಆಯ್ಕೆ ಅರ್ಧಕ್ಕೆ ನಿಂತು ಮೈಎಸ್‌ಕ್ಯುಎಲ್ ಬಂದ್ ಆಯಿತು. ಒಂಟಿ ನೋಡ್ ಬೆಳಿಗ್ಗೆ 8:19ಕ್ಕೆ ತನ್ನನ್ನು ತಾನೇ ಮಾಸ್ಟರ್ ಮಾಡಿಕೊಂಡಿತು. ಅದು ಅಮೆರಿಕದ ಪಶ್ಚಿಮ ತೀರದ ಸಮಯ, ನಮ್ಮಲ್ಲಿ ರಾತ್ರಿ 8:49. ಆ ಒಂಟಿ ನೋಡ್ ಯಾವುದು ಎಂದರೆ, ರಾತ್ರಿಯಿಡೀ ಹಿಂದುಳಿದಿದ್ದ ಅದೇ ಸ್ಟ್ಯಾಂಡ್‌ಬೈ.

8:26ಕ್ಕೆ ತಂಡ ಆ ನೋಡ್‌ನ ವಿದ್ಯುತ್ತನ್ನೇ ತೆಗೆಯಿತು. ಸೈಟ್ ಪೂರ್ತಿ ನಿಂತಿತು, ಬೇಕೆಂದೇ ನಿಲ್ಲಿಸಿದ್ದು. ಕ್ಲಸ್ಟರ್ ಭಾಷೆಯಲ್ಲಿ ಇದಕ್ಕೆ ಫೆನ್ಸಿಂಗ್ ಎನ್ನುತ್ತಾರೆ. ಅನುಮಾನದ ನೋಡ್ ಅನ್ನು ಬರೆಯಲಾಗದಂತೆ ಕೊಂದುಬಿಡುವುದು. ಇಲ್ಲಿ ಅದನ್ನು ಮಾಡಿದ್ದು ಮನುಷ್ಯರ ಕೈ.

ನಡುವಿನ 7 ನಿಮಿಷದಲ್ಲಿ ಆದದ್ದು ನೋಡಿ. ಗಿಟ್‌ಹಬ್ ಡ್ಯಾಶ್‌ಬೋರ್ಡ್ ಘಟನೆಗಳನ್ನೂ ರೆಪೊಸಿಟರಿಗಳ (ಕೋಡ್ ಭಂಡಾರಗಳ) ದಾರಿಯನ್ನೂ ರೆಡಿಸ್ ಎಂಬ ಇನ್ನೊಂದು ಡೇಟಾ ಸಂಗ್ರಹದಲ್ಲಿ ಇಟ್ಟಿತ್ತು. ಅಲ್ಲಿ ಹುಡುಕುವ ಕೀಲಿ ಮೈಎಸ್‌ಕ್ಯುಎಲ್ ತಾನೇ ಹುಟ್ಟಿಸುವ ಕ್ರಮಸಂಖ್ಯೆ. ಹಿಂದುಳಿದ ನೋಡ್‌ನ ಎಣಿಕೆಯೂ ಹಿಂದೆಯೇ ಇತ್ತು. ಅದು ಹೊಸ ದಾಖಲೆಗಳಿಗೆ ಕೊಟ್ಟ ಸಂಖ್ಯೆ ಆಗಲೇ ಇನ್ನೊಬ್ಬರ ಪಾಲಾಗಿದ್ದರೆ ರೆಡಿಸ್ ಆ ಇನ್ನೊಬ್ಬರ ಕಡೆಗೇ ಕೈ ತೋರಿಸುತ್ತದೆ. ಕೆಲವರ ಚಟುವಟಿಕೆ ಬೇರೆಯವರ ಡ್ಯಾಶ್‌ಬೋರ್ಡ್‌ನಲ್ಲಿ ಕಾಣಿಸಿತು. ತಪ್ಪು ದಾರಿ ಹಿಡಿದ ರೆಪೊಸಿಟರಿಗಳಲ್ಲಿ 16 ಖಾಸಗಿಯವು, ಅವು ಆ 7 ನಿಮಿಷ ಹೊರಗಿನವರಿಗೆ ತೆರೆದಿದ್ದವು. ಅವುಗಳ ಮಾಲೀಕರೆಲ್ಲರನ್ನೂ ಕಂಪನಿ ನೇರವಾಗಿ ಸಂಪರ್ಕಿಸಿತು. ಸೈಟ್ ಗಂಟೆಗಟ್ಟಲೆ ಬಂದ್ ಆದರೆ ಜನ ಬೈಯುತ್ತಾರೆ, ಸಂಜೆಗೆ ಮರೆಯುತ್ತಾರೆ. ಈ 7 ನಿಮಿಷದ ತೂಕ ಅಂಥದ್ದಲ್ಲ.

ಸೆಗ್‌ಫಾಲ್ಟ್ ಅನ್ನು ಮುಂಚೆ ಊಹಿಸಲು ಯಾರಿಗೂ ಸಾಧ್ಯವಿರಲಿಲ್ಲ, ಆ ಮಾತು ಬದಿಗಿರಲಿ. ಆದರೆ ಅಧಿಕಾರ ಹಿಂದಿರುಗಿಸುವುದೂ ಒಂದು ಫೇಲ್‌ಬ್ಯಾಕ್ ಎಂದು ಎಣಿಸಿದರೆ ಹೆಜ್ಜೆಗಳ ಕ್ರಮ ಬೇರೆಯಾಗುತ್ತದೆ. ಮೊದಲು ಹಿಂದುಳಿದ ನೋಡ್‌ಗೆ ಓದುವ ಐಪಿ ತಲುಪದಂತೆ ಮಾಡಬೇಕು. ಅದರ ರೆಪ್ಲಿಕೇಶನ್ ಅನ್ನು ಕೈಯಿಂದಲೇ ಸರಿಯಾದ ಮಾಸ್ಟರ್ ಕಡೆಗೆ ತಿರುಗಿಸಿ, ಪೂರ್ತಿ ಸಮಕ್ಕೆ ಬರುವವರೆಗೆ ಕಾಯಬೇಕು. ಆ ನೋಡ್ ಮಾಸ್ಟರ್ ಆಗಲೇಬಾರದು ಎಂಬ ನಿಷೇಧವನ್ನು ಕಡತಕ್ಕೆ ಹಾಕಬೇಕು. ಆಮೇಲೆ ಪೇಸ್‌ಮೇಕರ್‌ಗೆ ಪ್ರತಿ ನೋಡ್‌ನ ನಿಜಸ್ಥಿತಿಯನ್ನು ಹೊಸದಾಗಿ ವಿಚಾರಿಸಲು ಹೇಳಬೇಕು, ಇಲ್ಲವಾದರೆ ಅದು ನಿನ್ನೆಯ ನೆನಪಿನ ಮೇಲೆ ಇವತ್ತಿನ ತೀರ್ಮಾನ ಕೊಡುತ್ತದೆ. ಸಂರಚನೆಯ ನೆರಳು ಪ್ರತಿಯೊಂದರಲ್ಲಿ ಮೇಂಟೆನೆನ್ಸ್-ಮೋಡ್ ತೆಗೆದು ಸಿಆರ್‌ಎಂ-ಸಿಮ್ಯುಲೇಟ್ ಓಡಿಸಿದರೆ, ಬಿಟ್ಟ ಕೂಡಲೇ ಕ್ಲಸ್ಟರ್ ಏನೇನು ಮಾಡಲಿದೆ ಎಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ ಒಂದೂ ಸ್ಥಳಾಂತರ ಇಲ್ಲದಿದ್ದಾಗ ಮಾತ್ರ ನಿಜವಾದ ಕ್ಲಸ್ಟರ್ ಮುಟ್ಟುವುದು. ಪೇಸ್‌ಮೇಕರ್ ಆಗಲೂ ಬಿದ್ದಿರಬಹುದಿತ್ತು. ಆದರೆ ಬಿದ್ದಾಗ ಗೆದ್ದ ಒಂಟಿ ನೋಡ್‌ನ ಕೈಯಲ್ಲಿ ಹಳೆಯ ಡೇಟಾ ಇರುತ್ತಿರಲಿಲ್ಲ.

ಗಿಟ್‌ಹಬ್ ತೆಗೆದುಕೊಂಡ ತೀರ್ಮಾನ ಇನ್ನೂ ನೇರ. ಈ ಜಿಗಿತಗಳನ್ನು ಮಾಡಬೇಕೇ ಎಂದು ತಂಡದ ಯಾರನ್ನು ಕೇಳಿದ್ದರೂ ಬೇಡ ಎಂದೇ ಹೇಳುತ್ತಿದ್ದರು ಎಂದು ವರದಿ ಒಪ್ಪಿಕೊಳ್ಳುತ್ತದೆ. ಹಾಗಾಗಿ ಮುಖ್ಯ ಡೇಟಾಬೇಸ್‌ನ ಆಕ್ಟಿವ್ ಪಾತ್ರ ಮನುಷ್ಯ ಹೇಳಿದಾಗ ಮಾತ್ರ ಕದಲುವಂತೆ ಸಂರಚನೆ ಬದಲಿಸಿದರು. ನಾನು ಇದನ್ನು ಅರ್ಧ ಒಪ್ಪುತ್ತೇನೆ. ನಡುರಾತ್ರಿ ಮದರ್‌ಬೋರ್ಡ್ ಸುಟ್ಟರೆ ನಿದ್ದೆಗಣ್ಣಿನ ಎಂಜಿನಿಯರ್ ಲ್ಯಾಪ್‌ಟಾಪ್ ತೆರೆಯುವವರೆಗೆ ಸೈಟ್ ಕಾಯಬೇಕಾಗುತ್ತದೆ. ಆ ಬೆಲೆಯನ್ನು ಫೇಲೋವರ್‌ಗೆ ಕೊಡಬೇಕೋ ಬೇಡವೋ ಎಂಬುದರಲ್ಲಿ ವಾದವಿದೆ. ಫೇಲ್‌ಬ್ಯಾಕ್‌ನಲ್ಲಿ ನನಗೆ ವಾದವೇ ಕಾಣುವುದಿಲ್ಲ. ಫೇಲೋವರ್ ಆದ ಮೇಲೆ ಸೇವೆ ನಡೆಯುತ್ತಿದೆ, ಆತುರ ಮುಗಿದಿದೆ. ಡೇಟಾ ಹೊತ್ತ ರಿಸೋರ್ಸ್ ತಾನಾಗಿ ಹಿಂದಿರುಗಲು ಯಾವ ಕಾರಣವೂ ಇಲ್ಲ.

ತಯಾರಕರೂ ಹೆಚ್ಚುಕಡಿಮೆ ಈ ಕಡೆಗೇ ವಾಲಿದ್ದಾರೆ. ಹಳೆಯ ಹಾರ್ಟ್‌ಬೀಟ್‌ನಲ್ಲಿ ಆಟೊ-ಫೇಲ್‌ಬ್ಯಾಕ್ ಎಂಬ ಒಂದೇ ಸ್ವಿಚ್ ಇತ್ತು. ವಿಂಡೋಸ್ ಫೇಲೋವರ್ ಕ್ಲಸ್ಟರ್‌ನಲ್ಲಿ ಫೇಲ್‌ಬ್ಯಾಕ್ ಬೇಡ ಎಂಬುದೇ ಮೂಲ ಆಯ್ಕೆ. ಬೇಕೆಂದರೆ ತಕ್ಷಣ ಎಂದೋ, ಇಂಥ ಗಂಟೆಯಿಂದ ಇಂಥ ಗಂಟೆಯೊಳಗೆ ಎಂದೋ ಹೇಳಬಹುದು. ವರ್ಚುವಲ್ ಐಪಿ ಸರಿಸುವ ಕೀಪ್‌ಅಲೈವ್‌ಡಿ ತಂತ್ರಾಂಶದಲ್ಲಿ ಹಿಂದಿರುಗುವುದನ್ನು ತಡೆಯುವ ನೋಪ್ರಿಎಂಪ್ಟ್ ಇದೆ, ಆದರೆ ಆರಂಭದ ಸ್ಥಿತಿಯನ್ನು ಬ್ಯಾಕಪ್ ಎಂದು ಬರೆಯದಿದ್ದರೆ ಅದು ಕೆಲಸ ಮಾಡುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಪಿಸಿಎಸ್ (ಪೇಸ್‌ಮೇಕರ್ ಸಂರಚಿಸುವ ಆಜ್ಞೆ) ಮೂಲಕ ಹೊಸ ಕ್ಲಸ್ಟರ್ ಕಟ್ಟಿದರೆ ಸ್ಟಿಕಿನೆಸ್ 0 ಬದಲು 1 ಎಂದು ಬರುತ್ತದೆ. 1 ಅಂಕ ಚಿಕ್ಕದೆನಿಸಬಹುದು, ಆದರೆ ಕಾರಣವಿಲ್ಲದ ಓಡಾಟ ನಿಲ್ಲಿಸಲು ಅಷ್ಟು ಸಾಕು. ಬರೆದಿಟ್ಟ ಇಷ್ಟವನ್ನು ಸೋಲಿಸಲು ಸಾಲದು.

ಕದ್ದು ಬರುವ ಫೇಲ್‌ಬ್ಯಾಕ್‌ಗಳೂ ಉಂಟು. ಹಳೆಯ ಪಿಸಿಎಸ್‌ನಲ್ಲಿ ಕೈಯಿಂದ ರಿಸೋರ್ಸ್ ಮೂವ್ ಮಾಡಿದರೆ ಹಿಂದೆ ಒಂದು ಇನ್‌ಫಿನಿಟಿ ಕನ್‌ಸ್ಟ್ರೇಂಟ್ ಉಳಿಯುತ್ತಿತ್ತು. ಅದನ್ನು ಅಳಿಸಲು ಮರೆತರೆ, ತಿಂಗಳುಗಳ ನಂತರ ಆ ನೋಡ್ ರೀಬೂಟ್ ಆಗಿ ಬಂದಾಗ ಸ್ಟಿಕಿನೆಸ್ ಇನ್‌ಫಿನಿಟಿಗಿಂತ ಕಡಿಮೆ ಎಷ್ಟಿದ್ದರೂ ರಿಸೋರ್ಸ್ ಅಲ್ಲಿಗೇ ಹಾರುತ್ತದೆ. ಸೋಲಿನ ಲೆಕ್ಕ ಎಷ್ಟು ಹೊತ್ತಿಗೆ ಅಳಿಯಬೇಕು ಎನ್ನುವ ಫೇಲ್ಯೂರ್-ಟೈಮ್‌ಔಟ್ ಕೂಡ ಹೀಗೇ. ಮೂಲ ಬೆಲೆಯಲ್ಲಿ ಸೋಲಿನ ಲೆಕ್ಕ ತಾನಾಗಿ ಅಳಿಯುವುದಿಲ್ಲ. ಯಾರೋ ಅದನ್ನು 10 ನಿಮಿಷ ಎಂದಿಟ್ಟರೆ, ನೋಡ್ ನಿಜಕ್ಕೂ ಸರಿಹೋಗಿದೆಯೋ ಇಲ್ಲವೋ, ಅದರ ಮೇಲಿನ ಮೈನಸ್ ಇನ್‌ಫಿನಿಟಿ ಕಳಚಿ ಬೀಳುತ್ತದೆ. ಸ್ಟಿಕಿನೆಸ್ 0 ಇದ್ದು ಇಷ್ಟದ ಅಂಕವೂ ಇದ್ದರೆ ರಿಸೋರ್ಸ್ ಮತ್ತೆ ಅದೇ ಕೆಟ್ಟ ನೋಡ್‌ಗೆ ಹೋಗಿ, ಮತ್ತೆ ಸೋತು, ಮತ್ತೆ ಬರುತ್ತದೆ. ಡೇಟಾಬೇಸ್ ಪಾತ್ರಕ್ಕೆ ನಾನು ಇದನ್ನು ಹಾಕುವುದಿಲ್ಲ. ಸೋಲಿನ ಲೆಕ್ಕ ಅಳಿಸುವುದು ಲಾಗ್ ಓದಿದ ಮನುಷ್ಯನ ಕೆಲಸ.

ಇದೇ ಕಂಪನಿಗೆ 2018ರ ಅಕ್ಟೋಬರ್ 21ರಂದು ಫೇಲ್‌ಬ್ಯಾಕ್‌ನ ಇನ್ನೊಂದು ಮುಖ ಎದುರಾಯಿತು. ಆ ಹೊತ್ತಿಗೆ ಪೇಸ್‌ಮೇಕರ್ ಜಾಗದಲ್ಲಿ ಆರ್ಕೆಸ್ಟ್ರೇಟರ್ ಎಂಬ ಮೈಎಸ್‌ಕ್ಯುಎಲ್ ನಿರ್ವಹಣಾ ತಂತ್ರಾಂಶ ಇತ್ತು, ಫೇಲೋವರ್ ಮತ್ತೆ ತನ್ನಿಂತಾನೇ ಆಗುವಂತಿತ್ತು. ಕೆಡುತ್ತಿದ್ದ 100ಜಿ ಆಪ್ಟಿಕಲ್ ಉಪಕರಣವೊಂದನ್ನು ಬದಲಿಸುವಾಗ ಪೂರ್ವ ತೀರದ ಡೇಟಾ ಸೆಂಟರ್‌ನ ಸಂಪರ್ಕ 43 ಸೆಕೆಂಡ್ ಕಡಿಯಿತು. ಅಷ್ಟರಲ್ಲಿ ಆರ್ಕೆಸ್ಟ್ರೇಟರ್ ಮಾಸ್ಟರ್ ಪಾತ್ರಗಳನ್ನು ಪಶ್ಚಿಮ ತೀರಕ್ಕೆ ಒಯ್ದಿತ್ತು. ಪೂರ್ವದಲ್ಲಿ ಕೆಲವು ಸೆಕೆಂಡ್‌ಗಳ ಬರಹ ಪಶ್ಚಿಮಕ್ಕೆ ತಲುಪದೆ ಉಳಿದಿತ್ತು. ಪಶ್ಚಿಮದಲ್ಲಿ ಅರ್ಧ ಗಂಟೆಗೂ ಹೆಚ್ಚಿನ ಹೊಸ ಬರಹ ಸೇರಿಕೊಂಡಿತ್ತು. ಕಣ್ಣುಮುಚ್ಚಿ ಹಿಂದಿರುಗಿದ್ದರೆ ಆ ಅರ್ಧ ಗಂಟೆಯ ಡೇಟಾ ಹೋಗುತ್ತಿತ್ತು. ಅಲ್ಲೇ ಉಳಿದರೆ ಪೂರ್ವದಲ್ಲಿದ್ದ ಅಪ್ಲಿಕೇಶನ್‌ಗೆ ಪ್ರತಿ ಕ್ವೆರಿಗೂ ದೇಶ ದಾಟಿ ಬರುವ ವಿಳಂಬ.

ಈ ಸಲ ತಂಡ ಫೇಲ್‌ಬ್ಯಾಕ್ ಅನ್ನು ತಡೆದು ಹಿಡಿಯಿತು. ಹಲವು ಟೆರಾಬೈಟ್‌ಗಳ ಬ್ಯಾಕಪ್ ಅನ್ನು ಪೂರ್ವಕ್ಕೆ ತಂದು ಬಿಚ್ಚಿ, ಪಶ್ಚಿಮದಿಂದ ರೆಪ್ಲಿಕೇಟ್ ಮಾಡಿಸಿ, ಸಮಕ್ಕೆ ಬಂದ ಮೇಲೆಯೇ ಪಾತ್ರಗಳನ್ನು ಹಿಂದಿರುಗಿಸಿದರು. ಮಾಸ್ಟರ್‌ಗಳು ಪೂರ್ವಕ್ಕೆ ಬಂದ ಮೇಲೂ ಹಲವು ಓದುವ ರೆಪ್ಲಿಕಾಗಳು ಗಂಟೆಗಟ್ಟಲೆ ಹಿಂದಿದ್ದವು, ಜನರಿಗೆ ಹಳೆಯ ಪುಟಗಳು ಕಾಣುತ್ತಲೇ ಇದ್ದವು. 43 ಸೆಕೆಂಡ್‌ಗೆ ತೆತ್ತದ್ದು 24 ಗಂಟೆ 11 ನಿಮಿಷ. ನಮ್ಮ ಗಡಿಯಾರದಲ್ಲಿ ಅದು ಸೋಮವಾರ ನಸುಕಿನ 4:22ರಿಂದ ಮಂಗಳವಾರ ನಸುಕಿನವರೆಗೆ, ಅಂದರೆ ಬೆಂಗಳೂರಿನ ಕಚೇರಿಗಳ ಪಾಲಿಗೆ ಇಡೀ ಒಂದು ಕೆಲಸದ ದಿನ.

ಆರ್ಕೆಸ್ಟ್ರೇಟರ್ ಇನ್ನು ಮುಂದೆ ಒಂದು ಪ್ರದೇಶದ ಗಡಿ ದಾಟಿ ಮಾಸ್ಟರ್ ಆರಿಸದಂತೆ ಸಂರಚನೆ ಬದಲಾಯಿತು. ಪೂರ್ವದಲ್ಲಿ ಸಿಕ್ಕಿಬಿದ್ದ ಬರಹಗಳನ್ನು ಬೈನರಿ ಲಾಗ್‌ನಿಂದ (ಮೈಎಸ್‌ಕ್ಯುಎಲ್ ಬರಹಗಳ ದಾಖಲೆ) ಹೆಕ್ಕಿ ತೆಗೆದು ನೋಡಬೇಕಾಯಿತು. ಅತಿ ಹೆಚ್ಚು ಓಡಾಟದ ಒಂದು ಕ್ಲಸ್ಟರ್‌ನಲ್ಲಿ ಅಂಥವು 954 ಇದ್ದವು. ಕೆಲವನ್ನು ತಾವಾಗಿ ಹೊಂದಿಸಬಹುದಿತ್ತು, ಕೆಲವಕ್ಕೆ ಬಳಕೆದಾರರನ್ನೇ ಕೇಳಬೇಕಾಗಬಹುದಿತ್ತು.